ಏರ್‌ಗ್ಯಾಪ್ ನೆಟ್‌ವರ್ಕ್‌ನಲ್ಲಿ ಫೈರ್‌ವಾಲ್ ಅಪ್‌ಡೇಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಪರದೆಯ ಮೇಲೆ "ಪ್ಯಾಕೇಜ್ ವೆರಿಫಿಕೇಶನ್ ಫೇಲ್ಡ್" ಎಂಬ ಕೆಂಪು ಸಾಲು. ಫೋನು ಗೇಟಿನ ಲಾಕರ್‌ನಲ್ಲಿದೆ. ಗೂಗಲ್ ಮಾಡೋಣವೆಂದರೆ ಇಂಟರ್ನೆಟ್ಟೇ ಇಲ್ಲ. ಇಲ್ಲ ಅಂತಲೇ ತಾನೇ ಪೆನ್‌ಡ್ರೈವ್ ಹಿಡಿದು ಇಲ್ಲಿಗೆ ಬಂದದ್ದು. ಪಕ್ಕದಲ್ಲಿ ನಿಂತಿರುವ ಶಿಫ್ಟ್ ಇನ್‌ಚಾರ್ಜ್ ಗಡಿಯಾರ ನೋಡಿಕೊಂಡು, "ಏನ್ರೀ ಸರ್, ಲೈನ್ ನಿಲ್ಲಂಗಿಲ್ಲ ತಾನೇ?" ಅಂತ ಮೂರನೇ ಸಲ ಕೇಳುತ್ತಿದ್ದಾರೆ.

ಈ ಬರಹ ಆ ಹೊತ್ತಿಗೆಂದೇ ಬರೆದದ್ದು. ಪ್ರಿಂಟ್ ಹಾಕಿಕೊಂಡು ಒಳಗೆ ಒಯ್ಯಿರಿ. ಫೋನಿನಲ್ಲಿ ಸೇವ್ ಮಾಡಿಟ್ಟುಕೊಂಡರೆ ಅದು ಫೋನಿನ ಜೊತೆಗೇ ಗೇಟಿನಲ್ಲಿ ಉಳಿಯುತ್ತದೆ.

ಕಾರ್ಖಾನೆ, ವಿದ್ಯುತ್ ಸ್ಥಾವರ, ಸಂಶೋಧನಾಲಯಗಳ ಒಳ ನೆಟ್‌ವರ್ಕ್‌ಗಳಲ್ಲಿ, ಅಂದರೆ ಇಂಟರ್ನೆಟ್‌ಗೆ ಸೇರಿಸದ ಏರ್‌ಗ್ಯಾಪ್ ನೆಟ್‌ವರ್ಕ್‌ಗಳಲ್ಲಿ, ಸಂಚಾರಕ್ಕೆ ಕಾವಲು ನಿಲ್ಲುವ ಪೆಟ್ಟಿಗೆಗಳಾದ ಫೈರ್‌ವಾಲ್‌ಗಳಿಗೆ ಕೈಯಾರೆ ಅಪ್‌ಡೇಟ್ ಹಾಕುತ್ತ ನಾನು ಕಂಡುಕೊಂಡದ್ದು ಇಷ್ಟು: ಕೆಂಪು ಸಾಲು ಬರುವುದು ಪೆಟ್ಟಿಗೆಯಲ್ಲಿ, ಎಡವಟ್ಟು ಆಗಿರುವುದು ದಾರಿಯಲ್ಲಿ. ಇಂಟರ್ನೆಟ್ ಇರುವ ಕಡೆ ಫೈರ್‌ವಾಲ್ ತನಗೆ ಬೇಕಾದ ಫೈಲನ್ನು ತಾನೇ ಆರಿಸಿ, ತಾನೇ ಇಳಿಸಿಕೊಂಡು, ತಾನೇ ಪರೀಕ್ಷಿಸಿ, ಯಾವುದರ ನಂತರ ಯಾವುದು ಎಂಬುದನ್ನೂ ತಾನೇ ನೋಡಿಕೊಳ್ಳುತ್ತದೆ. ಆ ಸಂಪರ್ಕ ಕಿತ್ತ ಕೂಡಲೇ ಅಷ್ಟೂ ಕೆಲಸ ನಮ್ಮ ತಲೆಗೆ ಬರುತ್ತದೆ. ಅದರಲ್ಲಿ ಯಾವುದನ್ನು ಮರೆತೆವು ಎಂದು ಹುಡುಕುವುದೇ ಇಲ್ಲಿನ ರೋಗಪತ್ತೆ.

ಮರುಪ್ರಯತ್ನ ನಿಲ್ಲಿಸಿ

ಒಂದು ಸಲ ಮತ್ತೆ ಅಪ್‌ಲೋಡ್ ಮಾಡಿ ನೋಡುವುದು ಸರಿ. ಎರಡನೇ ಸಲವೂ ಅದೇ ಸಾಲು ಬಂದರೆ ಕೈ ತೆಗೆಯಿರಿ. 2024ರ ಏಪ್ರಿಲ್‌ನಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ನಾನು ಒಂದೇ ಫೈಲನ್ನು ನಾಲ್ಕು ಸಲ ಏರಿಸಿದೆ. ಒಂದೊಂದಕ್ಕೂ ಹನ್ನೊಂದು ನಿಮಿಷ. ಮುಕ್ಕಾಲು ಗಂಟೆ ಹೋದದ್ದಷ್ಟೇ ಅಲ್ಲ, ಅರ್ಧಂಬರ್ಧ ಏರಿದ ಕಸವೂ ಸೇರಿಕೊಂಡು ಪೆಟ್ಟಿಗೆಯ ಡಿಸ್ಕ್ ತುಂಬಿತು. ಐದನೇ ಸಲ ಬಂದ ಸಾಲು ಬೇರೆಯೇ ಆಗಿತ್ತು: ಜಾಗ ಸಾಲದು. ಇದ್ದ ಒಂದು ತೊಂದರೆಗೆ ನಾನೇ ಇನ್ನೊಂದನ್ನು ಜೋಡಿಸಿ ಇಟ್ಟಿದ್ದೆ.

ಸಾಲನ್ನು ಕಾಗದದ ಮೇಲೆ ಅಕ್ಷರಕ್ಕಕ್ಷರ ಬರೆದುಕೊಳ್ಳಿ. "ಏನೋ ಇನ್‌ವ್ಯಾಲಿಡ್ ಅಂತ ಬಂತು" ಎಂದು ಸಂಜೆ ಸಪೋರ್ಟ್‌ನವರಿಗೆ ಫೋನ್ ಮಾಡಿದರೆ ಏನೂ ಉಪಯೋಗವಿಲ್ಲ. ಫೈಲ್ ಕೆಟ್ಟಿದೆ, ಸಹಿ ಹೊಂದುತ್ತಿಲ್ಲ, ಈ ಮಾಡೆಲ್‌ಗೆ ಸೇರಿದ್ದಲ್ಲ, ಇನ್ನೊಂದು ಆವೃತ್ತಿ ಮೊದಲು ಬೇಕು, ಲೈಸೆನ್ಸ್ ಮುಗಿದಿದೆ: ಐದು ಬೇರೆ ಬೇರೆ ಕಾಯಿಲೆಗಳು. ಪರದೆಯ ಸಾಲು ಮೊಟಕಾಗಿದ್ದರೆ ಸಿಸ್ಟಮ್ ಲಾಗ್‌ನಲ್ಲಿ ಅದೇ ನಿಮಿಷದ ಆಚೀಚೆ ನೋಡಿ. ನಿಜವಾದ ಕಾರಣ ಬಹಳ ಸಲ ಅಲ್ಲಿರುತ್ತದೆ.

ಫೈಲ್ ನಡೆದು ಬಂದ ದಾರಿ

ನಮ್ಮ ಫೈಲಿನ ಪ್ರಯಾಣ ಹೀಗಿತ್ತು. ಕಂಪನಿಯ ಪೋರ್ಟಲ್‌ನಿಂದ ನನ್ನ ಆಫೀಸ್ ಲ್ಯಾಪ್‌ಟಾಪ್. ಅಲ್ಲಿಂದ ಪೆನ್‌ಡ್ರೈವ್. ಗೇಟ್ ಒಳಗಿನ ಸ್ಕ್ಯಾನಿಂಗ್ ಕಿಯಾಸ್ಕ್, ಒಳಗೆ ಹೋಗುವ ಫೈಲುಗಳಲ್ಲಿ ವೈರಸ್ ಇದೆಯೇ ಎಂದು ನೋಡುವ ಯಂತ್ರ. ಕಿಯಾಸ್ಕ್ ಕೊಡುವ ಇನ್ನೊಂದು ಪೆನ್‌ಡ್ರೈವ್, ಅದು ಅವರದೇ, ಹಳದಿ ಪಟ್ಟಿ ಅಂಟಿಸಿದ್ದು. ಅದರಿಂದ ಒಳಗಿನ ಮೇಂಟೆನೆನ್ಸ್ ಲ್ಯಾಪ್‌ಟಾಪ್. ಕೊನೆಗೆ ಫೈರ್‌ವಾಲ್. ಏಳು ನಿಲ್ದಾಣ, ಆರು ವರ್ಗಾವಣೆ. ಕೊನೆಯ ನಿಲ್ದಾಣದಲ್ಲಿ ಸಿಕ್ಕ ಗಾಯ ಆರರಲ್ಲಿ ಎಲ್ಲಾದರೂ ಆಗಿರಬಹುದು.

ಪತ್ತೆಗೆ ಇರುವ ಹತಾರ ಒಂದೇ, ಹ್ಯಾಶ್: ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ. ಫೈಲ್ ಚೂರು ಬದಲಾದರೂ ಅದು ಬದಲಾಗುತ್ತದೆ. ಪೋರ್ಟಲ್‌ನಲ್ಲಿ ಡೌನ್‌ಲೋಡ್ ಕೊಂಡಿಯ ಪಕ್ಕದಲ್ಲೇ ಎಸ್‌ಎಚ್‌ಎ-256 ಮೌಲ್ಯ ಕೊಟ್ಟಿರುತ್ತಾರೆ. ಅದನ್ನು ಫೈಲಿನ ಬೈಟ್ ಗಾತ್ರದ ಸಮೇತ ಪ್ರಿಂಟ್ ಹಾಕಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಟೆಕ್ಸ್ಟ್ ಫೈಲಾಗಿ ಇಡುವುದು ಬೇಡ. ಫೈಲನ್ನು ಕೆಡಿಸಿದ ಕೈ ಅದನ್ನೂ ಮುಟ್ಟಿರಬಹುದು. ಎಸ್‌ಎಚ್‌ಎ-256 ಎಂದರೆ 64 ಅಂಕಿ-ಅಕ್ಷರ. ನಿಮಗೆ ಬಂದದ್ದು 40 ಇದ್ದರೆ ನೀವು ಲೆಕ್ಕ ಹಾಕಿದ್ದು ಎಸ್‌ಎಚ್‌ಎ-1, 32 ಇದ್ದರೆ ಎಂಡಿ5. ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡಿಗೆ ಕೊನೆಯಲ್ಲಿ ಯಾವ ಹ್ಯಾಶ್ ಬೇಕೆಂದು ಹೇಳದಿದ್ದರೆ ಅದು ಎಸ್‌ಎಚ್‌ಎ-1 ಕೊಡುತ್ತದೆ. "ಹೊಂದಲೇ ಇಲ್ಲ ಸರ್" ಎಂದು ಗಾಬರಿಯಾಗಿ ಬಂದವರಲ್ಲಿ ಇಬ್ಬರ ಕಥೆ ಇಷ್ಟೇ ಆಗಿತ್ತು. ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಏನೂ ಹೇಳದಿದ್ದರೂ ಎಸ್‌ಎಚ್‌ಎ-256 ಕೊಡುತ್ತದೆ, ಲಿನಕ್ಸ್‌ನಲ್ಲಿ ಅದಕ್ಕೆಂದೇ ಶಾ256ಸಮ್ ಇದೆ.

ಈಗ ಕೊನೆಯಿಂದ ಹಿಂದಕ್ಕೆ ಬನ್ನಿ. ಮೊದಲು ಫೈರ್‌ವಾಲ್‌ಗೆ ಅತಿ ಹತ್ತಿರದ ನಿಲ್ದಾಣವಾದ ಮೇಂಟೆನೆನ್ಸ್ ಲ್ಯಾಪ್‌ಟಾಪ್‌ನಲ್ಲಿ ಹ್ಯಾಶ್ ತೆಗೆಯಿರಿ. ಕಾಗದದ ಜೊತೆ ಹೊಂದಿದರೆ ಹಿಂದಿನ ಐದು ವರ್ಗಾವಣೆಗಳೂ ಒಂದೇ ಏಟಿಗೆ ಪಾರು. ತೊಂದರೆ ಕೊನೆಯ ಹೆಜ್ಜೆಯಲ್ಲಿದೆ ಅಥವಾ ಪೆಟ್ಟಿಗೆಯಲ್ಲೇ ಇದೆ. ಹೊಂದದಿದ್ದರೆ ಒಂದೊಂದೇ ನಿಲ್ದಾಣ ಹಿಂದಕ್ಕೆ ಹೋಗಿ. ಪೆನ್‌ಡ್ರೈವ್‌ನ ಮೇಲೆ ಹ್ಯಾಶ್ ತೆಗೆಯುವ ಮುನ್ನ ಅದನ್ನು ಇಜೆಕ್ಟ್ ಮಾಡಿ ಕಿತ್ತು ಮತ್ತೆ ಸಿಕ್ಕಿಸಿ. ಕಾಪಿ ಆದ ಕೂಡಲೇ ತೆಗೆದರೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಉಳಿದಿರುವ ಪ್ರತಿಯನ್ನೇ ಓದಿ "ಸರಿ ಇದೆ" ಅನ್ನಬಹುದು, ಡ್ರೈವ್‌ನ ಮೇಲೆ ಕೂತಿರುವುದು ಕೆಟ್ಟದ್ದೇ ಆಗಿದ್ದರೂ. ಅಗ್ಗದ ಪೆನ್‌ಡ್ರೈವ್‌ಗಳ ವಿಷಯದಲ್ಲಿ ಇದನ್ನು ಬಿಡಲೇಬೇಡಿ.

ಮೊದಲ ವರ್ಗಾವಣೆಯಲ್ಲೇ ಕೆಟ್ಟ ಉದಾಹರಣೆಗಳಿಗೂ ಬರವಿಲ್ಲ. ಪೋರ್ಟಲ್‌ನ ಲಾಗಿನ್ ಅವಧಿ ಮುಗಿದಿರುತ್ತದೆ, ಬ್ರೌಸರ್ ಲಾಗಿನ್ ಪುಟವನ್ನೇ ಅಪ್‌ಡೇಟ್ ಫೈಲಿನ ಹೆಸರಲ್ಲಿ ಸೇವ್ ಮಾಡಿರುತ್ತದೆ. ಹೆಸರು ಸರಿ, ಕೊನೆಯ ಮೂರಕ್ಷರ ಸರಿ, ಗಾತ್ರ ಮಾತ್ರ 14 ಕೆಬಿ. ಕ್ಲಾಮ್‌ಎವಿ ಎಂಬ ಮುಕ್ತ ವೈರಸ್ ಸ್ಕ್ಯಾನರ್ ಆಧರಿಸಿದ ಮೇಲ್ ಗೇಟ್‌ವೇಗಳಲ್ಲೂ ಹೀಗೆಯೇ ಆಗುತ್ತದೆ. 2021ರಿಂದ ಅದರ ಸಿಗ್ನೇಚರ್ (ವೈರಸ್‌ಗಳ ಗುರುತು) ಸರ್ವರ್‌ಗಳು ವಿಗೆಟ್, ಕರ್ಲ್‌ನಂಥ ಸಾಧನಗಳಿಂದ ನೇರವಾಗಿ ಇಳಿಸುವುದನ್ನು ತಡೆಯುತ್ತಿವೆ. ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡವರ ಕೈಗೆ ಬರುವುದು 403 ದೋಷದ ಪುಟ. ಫೈಲ್ ತೆರೆದು ನೋಡಿ: ನಿಜವಾದ ಸಿವಿಡಿ (ಸಿಗ್ನೇಚರ್ ಸಂಗ್ರಹದ) ಫೈಲಿನ ಮೊದಲ 512 ಬೈಟ್ ಓದಬಲ್ಲ ಅಕ್ಷರಗಳಲ್ಲಿದ್ದು, "ಕ್ಲಾಮ್‌ಎವಿ-ವಿಡಿಬಿ" ಎಂದು ಆರಂಭವಾಗಿ ತಯಾರಾದ ದಿನ, ಆವೃತ್ತಿ ಸಂಖ್ಯೆ, ಸಿಗ್ನೇಚರ್‌ಗಳ ಎಣಿಕೆ ಹೇಳುತ್ತದೆ. ಕ್ಲಾಮ್‌ಎವಿ ಜೊತೆಗೇ ಬರುವ ಸಿಗ್‌ಟೂಲ್‌ನ ಇನ್ಫೋ ಆಯ್ಕೆ ಇದನ್ನೇ ಅಚ್ಚುಕಟ್ಟಾಗಿ ತೋರಿಸಿ, ಸಹಿ ಸರಿಯಿದೆಯೇ ಎಂದೂ ಹೇಳುತ್ತದೆ. ಇಂಥ ನೆಟ್‌ವರ್ಕ್‌ಗಳಿಗೆಂದೇ ಅವರು ಸಿವಿಡಿ-ಅಪ್‌ಡೇಟ್ ಎಂಬ ಪೈಥಾನ್ ಸಾಧನ ಕೊಟ್ಟಿದ್ದಾರೆ. ಹೊರಗಿನ ಕಂಪ್ಯೂಟರ್‌ನಲ್ಲಿ ಅದನ್ನೇ ಬಳಸಿ. ಮೇನ್, ಡೈಲಿ, ಬೈಟ್‌ಕೋಡ್, ಮೂರೂ ಒಟ್ಟಿಗೆ ಒಳಗೆ ಹೋಗಬೇಕು.

ಕಿಯಾಸ್ಕ್ ಮಾಡಿದ ಕೆಲಸ

ಬಳ್ಳಾರಿಯ ಕಥೆಗೆ ಬರುತ್ತೇನೆ. ಮೇಂಟೆನೆನ್ಸ್ ಲ್ಯಾಪ್‌ಟಾಪ್‌ನಲ್ಲಿ ತೆಗೆದ ಹ್ಯಾಶ್ ಕಾಗದದ್ದಕ್ಕೆ ಹೊಂದಲಿಲ್ಲ. ಹಳದಿ ಪಟ್ಟಿಯ ಪೆನ್‌ಡ್ರೈವ್‌ನಲ್ಲೂ ಹೊಂದಲಿಲ್ಲ. ನನ್ನ ಪೆನ್‌ಡ್ರೈವ್‌ನಲ್ಲಿ ಹೊಂದಿತು. ಮಧ್ಯೆ ಇದ್ದದ್ದು ಕಿಯಾಸ್ಕ್ ಒಂದೇ. ಗಾತ್ರ ನೋಡಿದರೆ ಒಳಗೆ ಹೋದದ್ದು 84 ಎಂಬಿ, ಹೊರಗೆ ಬಂದದ್ದೂ 84 ಎಂಬಿಯೇ. ಬೈಟ್‌ಗಳಲ್ಲಿ ನೋಡಿದರೆ ಮಾತ್ರ ಇಪ್ಪತ್ತು ಸಾವಿರದಷ್ಟು ಕಮ್ಮಿ. ವಿಂಡೋಸ್ ಫೋಲ್ಡರಿನ ಕೆಳಪಟ್ಟಿಯಲ್ಲಿ ಎಂಬಿ ಲೆಕ್ಕ ನೋಡಿ "ಸೇಮ್ ಇದೆ" ಅಂದುಕೊಂಡಿದ್ದೆ. ಪ್ರಾಪರ್ಟೀಸ್ ತೆರೆದು ಬೈಟ್ ಲೆಕ್ಕವನ್ನೇ ನೋಡಬೇಕು.

ಕಿಯಾಸ್ಕ್ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ.

"ಜಿಪ್ ಥರದ್ದು ಏನಾರ ಬಂದ್ರೆ ಅದು ಬಿಚ್ಚಿ, ಒಳಗಿನ ಒಂದೊಂದೂ ಸ್ಕ್ಯಾನ್ ಮಾಡಿ, ಮತ್ತೆ ಕಟ್ಟಿ ಕೊಡ್ತೈತ್ರಿ ಸರ್," ಅಂದ. "ಕ್ಲೀನ್ ಮಾಡಿ ಕೊಡ್ತೈತಿ, ಏನೂ ತೆಗಿಯಂಗಿಲ್ಲ."

ಏನೂ ತೆಗೆಯದಿರಬಹುದು, ಆದರೆ ಮತ್ತೆ ಕಟ್ಟಿದ್ದೇ ಸಾಕಾಯಿತು. ಅಪ್‌ಡೇಟ್ ಫೈಲುಗಳ ಮೇಲೆ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಸಹಿ ಬಿದ್ದಿರುವುದು ಬೈಟ್‌ಗಳ ಮೇಲೆ, ಒಳಗಿನ ತಿರುಳಿನ ಮೇಲಲ್ಲ. ಅರಗಿನ ಮುದ್ರೆ ಒಡೆದು ಪತ್ರ ಓದಿ ಮತ್ತೆ ಅಂಟಿಸಿದರೆ ಪತ್ರ ಅದೇ, ಮುದ್ರೆ ಅದಲ್ಲ. ಫೈರ್‌ವಾಲ್ ಬೇಡವೆಂದದ್ದು ನ್ಯಾಯವಾಗಿಯೇ ಇತ್ತು. ಸಿಸ್ಕೋ ಕಂಪನಿಯವರು ತಮ್ಮ ಫೈರ್‌ಪವರ್ ಸರಣಿಯ ಕೈಪಿಡಿಗಳಲ್ಲಿ ಟಾರ್ ಎಂದು ಕೊನೆಯಾಗುವ (ಜಿಪ್‌ನಂಥ ಕಟ್ಟು), ಸಹಿ ಹಾಕಿದ ಫೈಲುಗಳನ್ನು ಬಿಚ್ಚಬೇಡಿ ಎಂದು ಪ್ರತ್ಯೇಕವಾಗಿ ಎಚ್ಚರಿಸುವುದೂ ಇದಕ್ಕೇ. ಟಾರ್ ಕಂಡರೆ ಡಬಲ್ ಕ್ಲಿಕ್ ಮಾಡುವ ಕೈಗಳು ನಮ್ಮಲ್ಲಿ ಬಹಳ.

ಕಿಯಾಸ್ಕ್ ಬೈಪಾಸ್ ಮಾಡುವ ಮಾತು ಅಲ್ಲೇ ಬಂತು, ಅದೂ ಒಳಗಿನವರಿಂದಲೇ: "ಬ್ಯಾಗ್‌ನಾಗ ಹಂಗೇ ತಂದ್ಬಿಡ್ರಿ ಸರ್, ಯಾರ್ ನೋಡ್ತಾರ." ಬೇಡ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್, ಇಂಟರ್ನೆಟ್ ಇಲ್ಲದ ಇರಾನಿನ ನತಾನ್ಜ್ ಸ್ಥಾವರದ ಸೆಂಟ್ರಿಫ್ಯೂಜ್‌ಗಳನ್ನು ಹಾಳುಮಾಡಿದ ಹುಳು. ಅದು ಹರಡುತ್ತಿದ್ದ ದಾರಿಗಳಲ್ಲಿ ಪೆನ್‌ಡ್ರೈವ್ ಒಂದು. ಸುರಕ್ಷತೆಯ ಪೆಟ್ಟಿಗೆಗೆ ಅಪ್‌ಡೇಟ್ ಹಾಕಲು ಬಂದವನೇ ಸುರಕ್ಷತೆಯ ಬಾಗಿಲು ತೆರೆದಿಟ್ಟು ಹೋದರೆ ಹೇಗೆ? ಇದಕ್ಕೆ ನೇರ ದಾರಿಯೇ ಇದೆ. ಆ ಒಂದು ಫೈಲಿನ ಹ್ಯಾಶನ್ನು ಕಿಯಾಸ್ಕ್‌ನಲ್ಲಿ ಮೊದಲೇ ನೋಂದಾಯಿಸಿದರೆ ಅದು ಸ್ಕ್ಯಾನ್ ಮಾಡುತ್ತದೆ, ಮತ್ತೆ ಕಟ್ಟುವುದಿಲ್ಲ. ಅದಕ್ಕೆ ಸೆಕ್ಯುರಿಟಿ ಆಫೀಸರ್ ಸಹಿ ಬೇಕಿತ್ತು, ಅವರು ಊಟಕ್ಕೆ ಹೋಗಿದ್ದರು. ಮಧ್ಯಾಹ್ನ ಮೂರಕ್ಕೆ ಸಿಕ್ಕಿತು. ಈಗ ನಾನು ಭೇಟಿಗೆ ಎರಡು ದಿನ ಮೊದಲೇ ಹ್ಯಾಶ್ ಮೇಲ್ ಮಾಡುತ್ತೇನೆ.

ಫೈಲ್ ಚೊಕ್ಕವಾಗಿದೆ, ಆದರೂ ಒಲ್ಲೆ ಅನ್ನುತ್ತದೆ

ಅಲ್ಲಿದ್ದದ್ದು ಜೋಡಿ ಫೈರ್‌ವಾಲ್, ಒಂದು ಕೆಲಸದಲ್ಲಿ, ಇನ್ನೊಂದು ಸ್ಟ್ಯಾಂಡ್‌ಬೈ. ಸರಿಯಾದ ಫೈಲ್ ಬಂದ ಮೇಲೆ ಪದ್ಧತಿಯಂತೆ ಮೊದಲು ಸ್ಟ್ಯಾಂಡ್‌ಬೈಗೆ ಹಾಕಿದೆ. ಮತ್ತೆ ಕೆಂಪು ಸಾಲು. ಈ ಸಲದ್ದು ಸರ್ಟಿಫಿಕೇಟ್, ಅಂದರೆ ಸಹಿ ಯಾರದೆಂದು ಹೇಳುವ ಡಿಜಿಟಲ್ ಪ್ರಮಾಣಪತ್ರ, ಇನ್ನೂ ಜಾರಿಗೆ ಬಂದಿಲ್ಲ ಎಂದಿತ್ತು.

ಇನ್ನೂ ಬಂದಿಲ್ಲ ಎಂದರೆ? ಪೆಟ್ಟಿಗೆಯ ದಿನಾಂಕ ನೋಡಿದೆ, 2021ರ ಜನವರಿ ತೋರಿಸುತ್ತಿತ್ತು. ಆ ಸ್ಟ್ಯಾಂಡ್‌ಬೈ ಬಹಳ ಕಾಲ ಸ್ಟೋರ್‌ನಲ್ಲಿ ಪವರ್ ಇಲ್ಲದೆ ಕೂತು ಬಂದದ್ದು. ಮದರ್‌ಬೋರ್ಡಿನ 3 ವೋಲ್ಟಿನ ನಾಣ್ಯದಂಥ ಸೆಲ್ ಸತ್ತಿತ್ತು. ಪವರ್ ಕೊಟ್ಟಾಗ ಅದರ ಗಡಿಯಾರ ತನಗೆ ಗೊತ್ತಿದ್ದ ಯಾವುದೋ ಹಳೆಯ ತಾರೀಖಿನಿಂದ ಓಡಲು ಶುರುಮಾಡಿದೆ. ಸಹಿ ಹಾಕಿದ ಸರ್ಟಿಫಿಕೇಟ್ 2022ರದು. ಪೆಟ್ಟಿಗೆಯ ಪಾಲಿಗೆ ಅದು ಇನ್ನೂ ಹುಟ್ಟೇ ಇಲ್ಲ. ಇಂಟರ್ನೆಟ್ ಇದ್ದಿದ್ದರೆ ಸಮಯ ಹೇಳುವ ಎನ್‌ಟಿಪಿ ಸರ್ವರನ್ನು ಕೇಳಿ ಸಮಯ ಸರಿಮಾಡಿಕೊಳ್ಳುತ್ತಿತ್ತು. ಇಲ್ಲಿ ಕೇಳಲು ಯಾರಿದ್ದಾರೆ?

ಇಂಥ ಹೊತ್ತಿನಲ್ಲಿ ಜೋಡಿಯ ಇನ್ನೊಂದು ಪೆಟ್ಟಿಗೆ ಒಳ್ಳೆಯ ಸಾಕ್ಷಿ. ಹಾಕುವುದು ಬೇಡ, ಅದೇ ಫೈಲನ್ನು ಅಲ್ಲಿ ಅಪ್‌ಲೋಡ್ ಮಾಡಿ ವೆರಿಫೈ ಮಾತ್ರ ಮಾಡಿಸಿ. ಒಂದು ಒಪ್ಪಿ ಇನ್ನೊಂದು ಒಪ್ಪದಿದ್ದರೆ ಫೈಲ್ ನಿರ್ದೋಷಿ. ಆಮೇಲೆ ಎರಡರ ವ್ಯತ್ಯಾಸ ಹುಡುಕಿದರಾಯಿತು: ದಿನಾಂಕ, ಈಗಿನ ಆವೃತ್ತಿ, ಲೈಸೆನ್ಸ್, ಖಾಲಿ ಜಾಗ. ನನ್ನ ಅನುಭವದಲ್ಲಿ ಈ ಕ್ರಮದಲ್ಲೇ ನೋಡುವುದು ಲಾಭ, ದಿನಾಂಕ ನೋಡಲು ಐದು ಸೆಕೆಂಡ್ ಸಾಕು.

ಸಮಯ ತಿದ್ದುವುದೂ ಹುಷಾರಿನ ಕೆಲಸ. ಸಂಚಾರ ಹರಿಯುತ್ತಿರುವ ಫೈರ್‌ವಾಲ್‌ನ ಗಡಿಯಾರವನ್ನು ಒಮ್ಮೆಗೇ ಮೂರು ವರ್ಷ ಮುಂದೆ ತಳ್ಳಿದರೆ ವಿಪಿಎನ್ ಸರ್ಟಿಫಿಕೇಟ್‌ಗಳು, ಲೈಸೆನ್ಸ್‌ಗಳು ಅದೇ ಕ್ಷಣದಲ್ಲಿ ಅವಧಿ ಮುಗಿದವಾಗಬಹುದು. ಸ್ಟ್ಯಾಂಡ್‌ಬೈ ಆದ್ದರಿಂದ ನಾನು ಧೈರ್ಯ ಮಾಡಿದೆ. ಶಾಶ್ವತ ಮದ್ದು ಬೇರೆ ಇದೆ. ಹಲವು ಸ್ಥಾವರಗಳಲ್ಲಿ ಯಂತ್ರಗಳ ಮೇಲ್ವಿಚಾರಣೆಯ ಸ್ಕಾಡಾ ವ್ಯವಸ್ಥೆಗೆಂದು ಛಾವಣಿಯ ಮೇಲೆ ಆಂಟೆನಾ ಇರುವ ಜಿಪಿಎಸ್ ಗಡಿಯಾರ ಹಾಕಿರುತ್ತಾರೆ. ಫೈರ್‌ವಾಲ್‌ಗೂ ಅದನ್ನೇ ಎನ್‌ಟಿಪಿ ಮೂಲವಾಗಿ ತೋರಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲೂ ಎಲ್ಲ ವ್ಯವಸ್ಥೆಗಳ ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಇಲ್ಲವೇ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಕೊಡುವ ಸಮಯದ ಜೊತೆ ಹೊಂದಿರಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದಿದೆ. ಗಡಿಯಾರವೇ ತಪ್ಪಿದ್ದರೆ ಆ ಲಾಗ್‌ಗಳನ್ನು ಇಟ್ಟೂ ಏನು ಉಪಯೋಗ?

ತಿರುಗುಮುರುಗು ತೊಂದರೆಯೂ ಉಂಟು: ಗಡಿಯಾರ ಸರಿ, ಪೆಟ್ಟಿಗೆಯೊಳಗಿನ ಸರ್ಟಿಫಿಕೇಟೇ ಹಳತು. ಪಾಲೋ ಆಲ್ಟೋ ಕಂಪನಿಯ ಫೈರ್‌ವಾಲ್‌ಗಳ ಮೂಲ ಮತ್ತು ಡೀಫಾಲ್ಟ್ ಸರ್ಟಿಫಿಕೇಟ್‌ಗಳ ಅವಧಿ 2023ರ ಡಿಸೆಂಬರ್ 31ಕ್ಕೆ ಮುಗಿಯುವುದಿತ್ತು. ಬಾಧಿತ ಸೌಲಭ್ಯ ಬಳಸುವವರೆಲ್ಲ ಅದಕ್ಕೂ ಮೊದಲೇ ಅಪ್‌ಡೇಟ್ ಮಾಡಿಕೊಳ್ಳಿ ಎಂದು ಕಂಪನಿ ಸಾರಿತ್ತು. "ನಮ್ಮದು ಇಂಟರ್ನೆಟ್‌ಗೇ ಸೇರಿಲ್ಲ, ನಮಗೇನು" ಎಂದವರನ್ನು ನಾನು ಕಂಡಿದ್ದೇನೆ. ಇಂಟರ್ನೆಟ್ ಇಲ್ಲದ ಕಡೆಯೂ ಕ್ಯಾಲೆಂಡರ್ ಇರುತ್ತದೆ. ಇಂಥದ್ದಕ್ಕೆ ಗಡಿಯಾರ ಹಿಂದಕ್ಕೆ ತಿರುಗಿಸಿ ಕೆಲಸ ಸಾಗಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಕ್ರಮ ತಪ್ಪಿದರೆ

ಫೈಲ್ ಸರಿ, ದಿನಾಂಕ ಸರಿ, ಆದರೂ ಆಗುತ್ತಿಲ್ಲ ಎಂದಾದರೆ ಮುಂದಿನ ಅನುಮಾನ ಕ್ರಮದ ಮೇಲೆ. ಇಲ್ಲಿ ತಯಾರಕರೊಬ್ಬೊಬ್ಬರದೂ ಒಂದೊಂದು ದಾರಿ.

ಪಾಲೋ ಆಲ್ಟೋದಲ್ಲಿ 10.1ರಿಂದ 10.2.9ಕ್ಕೆ ಹೋಗಬೇಕೆಂದರೆ 10.2.9 ಒಂದೇ ಒಯ್ದರೆ ಸಾಲದು, 10.2.0 ಎಂಬ ತಳದ ಇಮೇಜೂ (ಪೆಟ್ಟಿಗೆಯ ಸಾಫ್ಟ್‌ವೇರ್ ಫೈಲ್) ಪೆಟ್ಟಿಗೆಯಲ್ಲಿ ಇರಬೇಕು. ಅದನ್ನು ಇನ್‌ಸ್ಟಾಲ್ ಮಾಡಬೇಕೆಂದಿಲ್ಲ, ಏರಿಸಿಟ್ಟರೆ ಸಾಕು. ಅದಕ್ಕೂ ಮೊದಲು ಕಂಟೆಂಟ್, ಅಂದರೆ ದಾಳಿ ಮತ್ತು ಅಪ್ಲಿಕೇಶನ್ ಗುರುತಿಸುವ ಮಾಹಿತಿಯ ಆವೃತ್ತಿ ಒಂದು ಕನಿಷ್ಠ ಮಟ್ಟ ಮುಟ್ಟಿರಬೇಕು. ಎಂಟು ತಿಂಗಳು ಮುಟ್ಟದ ಪೆಟ್ಟಿಗೆಯಲ್ಲಿ ಅದು ಮುಟ್ಟಿರುವುದಿಲ್ಲ. ಒಳ್ಳೆಯದೆಂದರೆ ಈ ದೋಷದ ಸಾಲು ಗುಟ್ಟು ಮಾಡುವುದಿಲ್ಲ: ಇಂತಿಷ್ಟು ಬೇಕು, ಇಲ್ಲಿ ಇರುವುದು ಇಷ್ಟು ಎಂದು ಎರಡೂ ಸಂಖ್ಯೆ ಹೇಳುತ್ತದೆ. ಆ ಫೈಲ್ ನಿಮ್ಮ ಪೆನ್‌ಡ್ರೈವ್‌ನಲ್ಲಿ ಇಲ್ಲದಿದ್ದರೆ ಅದನ್ನು ತಿಳಿದು ಏನು ಮಾಡುವುದು, ಬಳ್ಳಾರಿಯಿಂದ ಬೆಂಗಳೂರಿಗೆ ವಾಪಸ್ ಬಸ್ಸು ಹತ್ತುವುದೇ. ಅದಕ್ಕೇ ಹೊರಡುವ ಮುಂಚೆ ಒಳಗಿನವರಿಂದ ಸಿಸ್ಟಮ್ ಇನ್ಫೋ ಪರದೆ ಪ್ರಿಂಟ್ ತರಿಸಿಕೊಳ್ಳಿ. "ಲೇಟೆಸ್ಟ್ ಐತ್ರಿ" ಎಂಬ ಬಾಯಿಮಾತು ನಂಬಬೇಡಿ.

ಚೆಕ್‌ಪಾಯಿಂಟ್‌ನಲ್ಲಿ ಅಪ್‌ಡೇಟ್ ಹಾಕುವ ಏಜೆಂಟ್‌ಗೇ ಮೊದಲು ಅಪ್‌ಡೇಟ್ ಬೇಕು. ಡಿಪ್ಲಾಯ್‌ಮೆಂಟ್ ಏಜೆಂಟ್ ಹಳತಾಗಿದ್ದರೆ ಹೊಸ ಪ್ಯಾಕೇಜನ್ನು ಅದು ಗುರುತಿಸದೆ ಹೋಗಬಹುದು, ನೀವು ಮಾತ್ರ ಪ್ಯಾಕೇಜ್ ಕೆಟ್ಟಿದೆ ಅಂದುಕೊಂಡು ಕೂರುತ್ತೀರಿ. ಏಜೆಂಟ್ ಫೈಲನ್ನೂ ಒಯ್ಯಿರಿ, ಮೊದಲು ಅದನ್ನು ಹಾಕಿ, ಆಮೇಲೆ ಇಂಪೋರ್ಟ್, ವೆರಿಫೈ, ಇನ್‌ಸ್ಟಾಲ್.

ಫೋರ್ಟಿಗೇಟ್‌ನದು ಬೇರೆ ಥರದ ಅಪಾಯ. ಅಲ್ಲಿ ನಡುವಿನ ಮೆಟ್ಟಿಲು ಹಾರಿಸಿ 6.4ರಿಂದ ನೇರ ತುದಿಗೆ ಜಿಗಿದರೂ ಇನ್‌ಸ್ಟಾಲ್ ಆಗಿಬಿಡಬಹುದು. ಪಾಲಿಸಿಯ (ಯಾವ ಸಂಚಾರ ಬಿಡಬೇಕು, ಯಾವುದು ತಡೆಯಬೇಕು ಎಂಬ ನಿಯಮಗಳ) ಕೆಲವು ಸಾಲುಗಳು ಸದ್ದಿಲ್ಲದೆ ಕಳೆದುಹೋಗಿರುತ್ತವೆ. ತಕರಾರು ಮಾಡದೆ ಒಳಗೆ ಬಿಟ್ಟುಕೊಳ್ಳುವ ಪೆಟ್ಟಿಗೆಗಿಂತ ಬಾಗಿಲಲ್ಲೇ ತಡೆಯುವ ಪೆಟ್ಟಿಗೆ ಮೇಲು ಎನ್ನುವುದು ನನ್ನ ಅಭಿಪ್ರಾಯ. ಅಪ್‌ಗ್ರೇಡ್ ಪಾತ್ ಪಟ್ಟಿಯನ್ನು ಹೊರಗಿರುವಾಗಲೇ ತೆಗೆದುಕೊಂಡು, ಪ್ರತಿ ಮೆಟ್ಟಿಲಿನ ಇಮೇಜನ್ನೂ ಒಯ್ಯಬೇಕು. ರೀಬೂಟ್ ಆದ ಮೇಲೆ ಕಾನ್ಫಿಗ್-ಎರರ್-ಲಾಗ್ ಓದುವ ಡಯಾಗ್ನೋಸ್ ಕಮಾಂಡ್ ಕೊಟ್ಟರೆ ಯಾವ ಸಾಲು ಒಪ್ಪಿಗೆಯಾಗಲಿಲ್ಲ ಎಂದು ತೋರಿಸುತ್ತದೆ. ಅದು ಖಾಲಿ ಇದ್ದರೆ ನೆಮ್ಮದಿ.

ವರ್ಗಾವಣೆ ಅರ್ಧಕ್ಕೇ ನಿಂತರೆ

ಇಲ್ಲಿ ನಿಂತ ಜಾಗವೇ ಕಾರಣ ಹೇಳುತ್ತದೆ, ಬೈಟ್ ಲೆಕ್ಕ ನೋಡಿ.

ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ಪ್ರೋಟೊಕಾಲ್ ಬಳಸಿ ಕಳಿಸುವಾಗ ಸರಿಸುಮಾರು 32 ಎಂಬಿಗೆ, ಖಚಿತವಾಗಿ 3,35,53,920 ಬೈಟ್‌ಗಳ ಹತ್ತಿರ ನಿಂತರೆ ಕೇಬಲ್ ಬದಲಿಸಲು ಹೋಗಬೇಡಿ. ಆ ಪ್ರೋಟೊಕಾಲ್ ಡೇಟಾವನ್ನು 512 ಬೈಟ್‌ಗಳ ತುಂಡು ಮಾಡಿ ಪ್ರತಿ ತುಂಡಿಗೂ 16 ಬಿಟ್‌ನ ಸಂಖ್ಯೆ ಕೊಡುತ್ತದೆ. 65,535 ತುಂಡುಗಳಿಗೆ ಸಂಖ್ಯೆ ಮುಗಿಯುತ್ತದೆ. ಹೊಸ ಸರ್ವರ್‌ಗಳು ಮತ್ತೆ ಸೊನ್ನೆಯಿಂದ ಎಣಿಸುತ್ತವೆ, ಹಳೆಯವು ನಿಂತುಬಿಡುತ್ತವೆ. ಬ್ಲಾಕ್ ಗಾತ್ರವನ್ನು 1,428ಕ್ಕೆ ಏರಿಸಿದರೆ ಮಿತಿ 89 ಎಂಬಿಯವರೆಗೆ ಹೋಗುತ್ತದೆ. ಇಂದಿನ ಇಮೇಜ್‌ಗಳಿಗೆ ಅದೂ ಸಾಲುವುದು ಅನುಮಾನ. ಸಾಧ್ಯವಿದ್ದರೆ ಟಿಎಫ್‌ಟಿಪಿ ಬಿಟ್ಟು, ಈ ಮಿತಿ ಇಲ್ಲದ ಎಸ್‌ಸಿಪಿ ಎಂಬ ವಿಧಾನ ಹಿಡಿಯಿರಿ.

ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗ 4 ಜಿಬಿ ಮೀರಿದ ಫೈಲ್ ಹೋಗುತ್ತಿಲ್ಲವೆಂದರೆ ಅದು ಫ್ಯಾಟ್32ರ ಮಿತಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ನಿಮ್ಮ ಲ್ಯಾಪ್‌ಟಾಪ್ ಖುಷಿಪಡುತ್ತದೆ, ಫೈರ್‌ವಾಲ್‌ನ ಯುಎಸ್‌ಬಿ ಪೋರ್ಟು ಅದನ್ನು ಓದದೆ ಇರಬಹುದು. ಲ್ಯಾಪ್‌ಟಾಪ್ ಮೂಲಕ ನೆಟ್‌ವರ್ಕ್‌ನಲ್ಲೇ ಏರಿಸುವುದು ಸುಲಭ. ಎಫ್‌ಟಿಪಿಯಲ್ಲಿ ಫೈಲ್ ಪೂರ್ತಿ ಹೋಗಿದೆ, ಗಾತ್ರದಲ್ಲಿ ಮಾತ್ರ ಚೂರು ವ್ಯತ್ಯಾಸವಿದೆ ಎಂದರೆ ಆಸ್ಕಿ ಮೋಡ್‌ನಲ್ಲಿ ಕಳಿಸಿದ್ದೀರಿ. ಬೈನರಿ ಮೋಡ್‌ಗೆ ಬದಲಿಸಿ.

ಡಿಸ್ಕ್ ತುಂಬಿದ್ದರೆ ಹಳೆಯ ಇಮೇಜ್‌ಗಳನ್ನು ಅಳಿಸಿ. ಈಗ ಓಡುತ್ತಿರುವುದನ್ನೂ, ಹಿಂದಿರುಗಲು ಬೇಕಾದುದನ್ನೂ ಬಿಟ್ಟು.

ಇನ್ನೊಂದು ಸಣ್ಣ ಮಾತು. ಪೆಟ್ಟಿಗೆಗೆ ನೇರ ಕಮಾಂಡ್ ಕೊಡುವ ಕನ್ಸೋಲ್ ಕೇಬಲ್ ತಂದಿರುತ್ತೀರಿ, ಆದರೆ ಒಳಗಿನ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ-ಸೀರಿಯಲ್ ಡ್ರೈವರ್ ಇರುವುದಿಲ್ಲ, ಅದನ್ನು ಇಂಟರ್ನೆಟ್‌ನಿಂದ ತಂದುಕೊಳ್ಳಲು ವಿಂಡೋಸ್ ಹೊರಡುತ್ತದೆ. ಡ್ರೈವರನ್ನೂ ಅಪ್‌ಡೇಟ್ ಫೈಲಿನ ಜೊತೆಗೇ ಕಿಯಾಸ್ಕ್‌ನಲ್ಲಿ ಸ್ಕ್ಯಾನ್ ಮಾಡಿಸಿ ತನ್ನಿ.

ರೀಬೂಟ್ ಆಯಿತು, ಪೋರ್ಟ್ ಏಳಲಿಲ್ಲ

ಇಲ್ಲಿ ಬಹಳ ಜನ ಕೆಡುವುದು ಅವಸರಕ್ಕೆ. ಲಾಗಿನ್ ಪರದೆ ಬಂದ ಮಾತ್ರಕ್ಕೆ ಫೈರ್‌ವಾಲ್ ಎದ್ದಂತಲ್ಲ. ಹಲವು ಪೆಟ್ಟಿಗೆಗಳಲ್ಲಿ ಮ್ಯಾನೇಜ್‌ಮೆಂಟ್ ಭಾಗ ಮೊದಲು ಏಳುತ್ತದೆ, ಸಂಚಾರ ಸಾಗಿಸುವ ಭಾಗ ಆಮೇಲೆ. ಪಾಲೋ ಆಲ್ಟೋದಲ್ಲಿ ಆಟೋ-ಕಮಿಟ್ ಎಂಬ ಕೆಲಸ ಮುಗಿಯುವವರೆಗೆ ಪೋರ್ಟ್‌ಗಳು ಕೆಳಗೇ ಇರುತ್ತವೆ. ಶೋ ಜಾಬ್ಸ್ ಆಲ್ ಕೊಟ್ಟರೆ ಅದರ ಶೇಕಡಾ ಕಾಣುತ್ತದೆ. ಸಂಖ್ಯೆ ಏರುತ್ತಿರುವವರೆಗೂ ಕೈ ಕಟ್ಟಿ ಕೂರುವುದೇ ಕೆಲಸ. ಈ ಹೊತ್ತಿನಲ್ಲಿ ಪವರ್ ಕಿತ್ತು ಮತ್ತೆ ಕೊಟ್ಟವರು ಆಮೇಲೆ ರಿಕವರಿ ಮೋಡ್‌ನಲ್ಲಿ ರಾತ್ರಿ ಕಳೆದದ್ದನ್ನು ನೋಡಿದ್ದೇನೆ.

ಮುಗಿದು ವಿಫಲ ಎಂದು ತೋರಿಸಿದರೆ ಅದರ ವಿವರ ಓದಿ. ಹೊಸ ಆವೃತ್ತಿಯಲ್ಲಿ ಹೆಸರು ಬದಲಾದ ಅಪ್ಲಿಕೇಶನ್, ತೆಗೆದುಹಾಕಿದ ಹಳೆಯ ಎನ್‌ಕ್ರಿಪ್ಶನ್ ವಿಧಾನ, ಇಂಥವು ಸಾಮಾನ್ಯ. ಹಿಂದಿರುಗಬೇಕೆಂದರೆ ಫೋರ್ಟಿಗೇಟ್‌ನಂಥವುಗಳಲ್ಲಿ ಎರಡು ವಿಭಾಗ ಇರುತ್ತದೆ, ಹಳೆಯ ಇಮೇಜ್ ಪಕ್ಕದ ವಿಭಾಗದಲ್ಲೇ ಕೂತಿರುತ್ತದೆ. ಎಷ್ಟು ಹೊತ್ತಿಗೆ ಸೋಲೊಪ್ಪಿ ಹಿಂದಿರುಗುವುದು ಎಂದು ಶುರುಮಾಡುವ ಮುನ್ನವೇ ಶಿಫ್ಟ್ ಇನ್‌ಚಾರ್ಜ್ ಜೊತೆ ಮಾತಾಡಿ ಗಂಟೆ ಬರೆದಿಟ್ಟುಕೊಳ್ಳಿ. ಆ ದಿನ ನಾವು ಐದೂವರೆ ಎಂದು ಬರೆದಿದ್ದೆವು. ಜೋಡಿ ಇರುವ ಕಡೆ ಪ್ರೀಎಂಪ್ಟ್ ಎಂಬ ಆಯ್ಕೆ ಆಫ್ ಮಾಡುವುದನ್ನು ಮರೆತರೆ, ಅಪ್‌ಗ್ರೇಡ್ ಆದ ಪೆಟ್ಟಿಗೆ ಎದ್ದ ಕೂಡಲೇ ಪಾಲಿಸಿ ಪೂರ್ತಿ ಏರುವ ಮೊದಲೇ ಅಧಿಕಾರ ಕಸಿದುಕೊಳ್ಳಲು ನೋಡುತ್ತದೆ. ಶಿಫ್ಟ್ ಇನ್‌ಚಾರ್ಜ್ ಹೆದರುವ "ಲೈನ್ ನಿಲ್ಲುವುದು" ಆಗುವುದು ಹೀಗೆ.

ಹಾಕಿದ್ದು ಹತ್ತಿದೆಯೇ?

ಇನ್‌ಸ್ಟಾಲ್ಡ್ ಎಂದು ಬಂದರೂ ಸಿಗ್ನೇಚರ್ ಕೆಲಸಕ್ಕೆ ಇಳಿದಿದೆಯೇ ಎಂದು ಬೇರೆಯಾಗಿ ನೋಡಿ. ಲಿನಕ್ಸ್ ಆಧಾರದ ಸ್ಕ್ಯಾನರ್ ಸರ್ವರ್‌ಗಳಲ್ಲಿ ಫೈಲ್ ಸರಿಯಾದ ಫೋಲ್ಡರ್‌ನಲ್ಲೇ ಕೂತಿರುತ್ತದೆ, ಎಂಜಿನ್ ಮಾತ್ರ ಹಳೆಯ ಆವೃತ್ತಿ ಹೇಳುತ್ತಲೇ ಇರುತ್ತದೆ. ಫೈಲಿನ ಒಡೆತನ ರೂಟ್ ಹೆಸರಿನಲ್ಲಿ ಉಳಿದಿರಬಹುದು. ಎಸ್‌ಇ-ಲಿನಕ್ಸ್ ಎಂಬ, ಫೈಲಿನ ಲೇಬಲ್ ನೋಡಿ ಅನುಮತಿ ಕೊಡುವ ಕಾವಲು ಇದ್ದು, ಫೈಲನ್ನು ಹೋಮ್ ಫೋಲ್ಡರ್‌ನಿಂದ ಎಂವಿ ಕಮಾಂಡ್‌ನಿಂದ ಸರಿಸಿದ್ದರೆ ಹಳೆಯ ಲೇಬಲ್ ಜೊತೆಗೇ ಬಂದಿರುತ್ತದೆ. ರೆಸ್ಟೋರ್‌ಕಾನ್ ಓಡಿಸಿ ಸೇವೆಯನ್ನು ಮತ್ತೆ ಶುರುಮಾಡಿದರೆ ಸರಿಹೋಗುತ್ತದೆ.

ಪರೀಕ್ಷೆಗೆ ಐಕಾರ್ ಫೈಲ್ ಇದೆ. 68 ಬೈಟ್‌ಗಳ, ಯಾವ ಕೇಡೂ ಮಾಡದ, ವೈರಸ್ ಎಂಜಿನ್‌ಗಳೆಲ್ಲ ಗುರುತಿಸಲೆಂದೇ ಮಾಡಿದ ಸಾಲು. ಅದು ಹಳೆಯ ಸಿಗ್ನೇಚರ್‌ನಲ್ಲೂ ಸಿಕ್ಕಿಬೀಳುವುದರಿಂದ ಹೊಸ ಸಿಗ್ನೇಚರ್ ಬಂದಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಎಂಜಿನ್ ಜೀವಂತವಿದೆ ಎಂಬುದಕ್ಕಷ್ಟೇ. ಆವೃತ್ತಿ ಸಂಖ್ಯೆಯನ್ನು ಕಾಗದದ ಜೊತೆ ಬೇರೆಯಾಗಿ ಹೋಲಿಸಿ. ಐಕಾರ್ ಬಿಡುವ ಮುನ್ನ ಕಂಟ್ರೋಲ್ ರೂಮಿಗೆ ಹೇಳಿ. ನಾನು ಆ ದಿನ ಹೇಳಿರಲಿಲ್ಲ. ಐದು ಗಂಟೆ ಹತ್ತು ನಿಮಿಷಕ್ಕೆ ಎರಡೂ ಪೆಟ್ಟಿಗೆ ಹಸಿರಾಗಿ, ಸಮಾಧಾನದಿಂದ ಐಕಾರ್ ಕಳಿಸಿ, ಅದು ಸಿಕ್ಕಿಬಿದ್ದದ್ದನ್ನು ನೋಡಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಇಬ್ಬರು ಓಡುತ್ತಾ ಇಳಿದು ಬಂದರು, ಹಿಂದೆಯೇ ಶಿಫ್ಟ್ ಇನ್‌ಚಾರ್ಜ್. "ವೈರಸ್ ಬಂದೈತಂತ್ರೀ ಸರ್!"